ಲಾಬಾನನ ಮನೆಯಲ್ಲಿ ಇಪ್ಪತ್ತು ವರ್ಷ



ಇಂದು ಮೇ 1, ಕಾರ್ಮಿಕ ಸಂತ ಜೋಸೆಫರ ಹಬ್ಬ. ಕಾರ್ಮಿಕರ ದಿನದಂದೇ ಈ ಹಬ್ಬ ಇರಲಿ ಎಂದು 1955ರಲ್ಲಿ ಜಗದ್ಗುರು ಹನ್ನೆರಡನೇ ಪಯಸ್‌ರವರು ಗೊತ್ತುಮಾಡಿದರು. ರಜೆಯ ದಿನ. ಆದರೂ ಬಲಿಪೂಜೆಗೆ ಮುಂಚೆ ದೇವಾಲಯದ ಹೊರಗೆ ನಮ್ಮಲ್ಲಿ ಕೆಲವರು ಫೋನನ್ನು ಕಿವಿಗಿಟ್ಟುಕೊಂಡು "ಆಯ್ತು ಸಾರ್, ಆಯ್ತು ಸಾರ್" ಎನ್ನುತ್ತಿದ್ದುದು ಎಲ್ಲರಿಗೂ ಕೇಳಿಸಿದೆ!

ನಮ್ಮ ಭಾಗದ ಜನ ಮತ್ತೊಬ್ಬರ ಕೈಕೆಳಗೆ ದುಡಿದೇ ಬದುಕಿದವರು. 1809ರಲ್ಲಿ ದಂಡು ಬಂದಾಗ ಬಂಗಲೆಗಳಲ್ಲಿ ದೊರೆ. 1948ರಲ್ಲಿ ದೂರವಾಣಿನಗರದ ಐ.ಟಿ.ಐ. ಬಂದಾಗ ಫೋರ್‌ಮನ್, ಈಗ ಹಲಸೂರಿನಿಂದ ಮೆಟ್ರೋ ಹತ್ತಿ ವೈಟ್‌ಫೀಲ್ಡ್‌ಗೆ ಹೋಗುವ ಮಕ್ಕಳಿಗೆ ಮ್ಯಾನೇಜರ್. ಒಳ್ಳೆಯವರು ಸಿಕ್ಕರೆ ಪುಣ್ಯ. ಸಿಗದಿದ್ದರೆ ಊಟದ ತಟ್ಟೆಯ ಮುಂದೆ ಕೂತರೂ ಅವರದೇ ಮುಖ. ಅಲ್ಲಿ ನುಂಗಿದ ಸಿಟ್ಟು ಮನೆಯಲ್ಲಿ ಮಕ್ಕಳ ಬೆನ್ನ ಮೇಲೆ ಬೀಳುತ್ತದೆ.

ಒಮ್ಮೆ ಗಾರ್ಮೆಂಟ್ಸ್‌ಗೆ ಹೋಗುವ ಸಹೋದರಿಯೊಬ್ಬರು ನಮ್ಮ ಬಳಿ ಬಂದು ಅತ್ತರು. "ಬೈದದ್ದಕ್ಕಲ್ಲ ಫಾದರ್, ಇಡೀ ಲೈನಿನ ಮುಂದೆ ನಿಲ್ಲಿಸಿ ಬೈದದ್ದಕ್ಕೆ." ಸಹಿಸಿಕೊಳ್ಳಮ್ಮ, ಜಪಸರ ಪ್ರಾರ್ಥಿಸು ಎಂದು ಹೇಳಿ ಕಳಿಸಿದೆವು. ಮುಂದಿನ ತಿಂಗಳು ಅವರು ಕೆಲಸ ಬಿಟ್ಟರು. ಐದು ವರ್ಷ ತುಂಬಲು ಏಳು ತಿಂಗಳಿತ್ತು, ಗ್ರಾಚ್ಯುಟಿಯೂ ಕೈತಪ್ಪಿತು. ನಾವು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತು. ಉಳಿದರ್ಧ ಆದಿಕಾಂಡದಲ್ಲಿತ್ತು.

ಯಕೋಬನ ಯಜಮಾನ ಬೇರೆ ಯಾರೂ ಅಲ್ಲ, ಸೋದರಮಾವ ಲಾಬಾನ. (ನೆಂಟರ ಕೈಕೆಳಗೆ ಕೆಲಸ ಮಾಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.) ರಾಖೇಲಳಿಗಾಗಿ ಏಳು ವರ್ಷ ದುಡಿಸಿಕೊಂಡು ಲೇಯಳನ್ನು ಕೊಟ್ಟ. ಮತ್ತೆ ಏಳು ವರ್ಷ. ಮಂದೆಗಾಗಿ ಇನ್ನೂ ಆರು. ಕೂಲಿಯನ್ನು ಹತ್ತು ಸಲ ಬದಲಾಯಿಸಿದನೆಂದು ಯಕೋಬ ದೂರುತ್ತಾನೆ. ಕೊನೆಗೆ ಹೇಳದೆ ಕೇಳದೆ ಓಡಿಹೋಗುತ್ತಾನೆ. ಲಾಬಾನ ಬೆನ್ನಟ್ಟಿ ಬಂದು ಎದುರು ನಿಂತಾಗಲೇ ಇವನ ಬಾಯಿ ತೆರೆಯುವುದು. ಆಗ ಯಕೋಬ ಲಾಬಾನನನ್ನು ಶಪಿಸುವುದಿಲ್ಲ, ಲೆಕ್ಕ ಒಪ್ಪಿಸುತ್ತಾನೆ: ಇಷ್ಟು ವರ್ಷ, ಸತ್ತ ಕುರಿಗಳ ನಷ್ಟ ಭರಿಸಿದ್ದು, ಹಗಲಿನ ಬಿಸಿಲು, ರಾತ್ರಿಯ ಚಳಿ, ಕೆಟ್ಟ ನಿದ್ದೆ. ಇಪ್ಪತ್ತು ವರ್ಷದ್ದೆಲ್ಲ ನೆನಪಿಟ್ಟುಕೊಂಡಿದ್ದ!

ನೆನಪು ಸಾಲದು, ಬರೆದಿಡಿ ಎನ್ನುತ್ತೇವೆ ನಾವು. ಯಾವ ದಿನ, ಏನು ಮಾತು, ಯಾರಿದ್ದರು. ಸಿಟ್ಟು ಇಳಿದ ಮೇಲೆ ಒಬ್ಬರೇ ಹೋಗಿ ಮಾತನಾಡಿ. ಕೇಳದಿದ್ದರೆ ಮೇಲೆ ಬರೆದುಕೊಡಿ, ಒಂದು ಪ್ರತಿ ನಿಮ್ಮ ಬಳಿ ಇರಲಿ. 20 ಮತ್ತು ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕೆಂಬ ನಿಯಮ 2010ರ ತಿದ್ದುಪಡಿಯಿಂದ ಬಂತು. ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಮಾತು ಮೈಮೇಲೆ ಬರುವಂತಿದ್ದರೆ, ಹತ್ತು ಜನರಿರುವ ಜಾಗದಲ್ಲೂ ಮಹಿಳೆಯರ ದೂರು ಕೇಳುವ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯಿದೆ ಹೇಳುತ್ತದೆ. ಇದನ್ನೆಲ್ಲ ಹೇಳುವುದು ಪ್ರಬೋಧನೆಯೇ ಎಂದು ಕೆಲವರಿಗೆ ಅನ್ನಿಸಬಹುದು. ಆ ಸಹೋದರಿಗೆ ಅಂದು ಬೇಕಾಗಿದ್ದು ಇದೇ.

ಇದೇ ಬೆಂಚುಗಳಲ್ಲಿ ಸೂಪರ್‌ವೈಸರುಗಳೂ ಮ್ಯಾನೇಜರುಗಳೂ ಕುಳಿತಿದ್ದೀರಿ. ನಿಮ್ಮ ಮೇಲೂ ಒಬ್ಬ ಲಾಬಾನ ಇದ್ದಾನೆ, ಟಾರ್ಗೆಟ್ ಅವನದು, ಬಲ್ಲೆವು. ತಪ್ಪಾದರೆ ಹೇಳಲೇಬೇಕು, ಬಾಗಿಲು ಮುಚ್ಚಿ ಹೇಳಿ. ಸಂಜೆ ಆರಕ್ಕೆ ಹೊರಟವರನ್ನು ಆರಕ್ಕೇ ಬಿಡಿ.

ಲಾಬಾನ ಕಡೆಗೂ ಬದಲಾಗಲಿಲ್ಲ, ಎಲ್ಲವೂ ನನ್ನದೇ ಎನ್ನುತ್ತಲೇ ಇದ್ದ. ಆದರೂ ಇಬ್ಬರೂ ಕಲ್ಲುಗುಡ್ಡೆ ಹಾಕಿದರು: ಕೇಡು ಬಗೆಯಲು ಇದನ್ನು ದಾಟಿ ನೀನು ಈಚೆ ಬರಬೇಡ, ನಾನು ಆಚೆ ಬರುವುದಿಲ್ಲ. ಅಲ್ಲೇ ಒಟ್ಟಿಗೆ ಊಟ ಮಾಡಿದರು. ಬೆಳಗಾಗುತ್ತಲೇ ಲಾಬಾನ ಹೆಣ್ಣುಮಕ್ಕಳಿಗೂ ಮೊಮ್ಮಕ್ಕಳಿಗೂ ಮುತ್ತಿಟ್ಟು ತನ್ನೂರಿಗೆ ಹೊರಟ; ಯಕೋಬ ತನ್ನ ದಾರಿ ಹಿಡಿದ.