ಕಿಟ್ಟಿನ ಜೊತೆ ಕನ್ನಡವೂ ಬರಲಿ
(ಅಂತೂರ-ಬೆಂತೂರಿನಲ್ಲಿ ಮಾಡಿದ ಭಾಷಣ)



ಕೈಗೆಟುಕುವ ಬೆಲೆಯ ಹ್ಯಾಮ್ ರೇಡಿಯೋ ಕಿಟ್ ಯಾವಾಗ ಸಿಕ್ಕೀತು ಎಂದು ಕಾಯುತ್ತಿದ್ದೀರಿ. ನಾನೂ ಕಾಯುತ್ತಿದ್ದೇನೆ. ಆದರೆ ಅಗ್ಗದ ಸೆಟ್ಟು ಆಗದ ಮಾತೇನಲ್ಲ. ಹೈದರಾಬಾದಿನ ಅಷ್ಹರ್ ಫರ್ಹಾನ್ 2003ರಲ್ಲೇ 'ಬಿಟ್‌ಎಕ್ಸ್' ಎಂಬ 6 ವ್ಯಾಟಿನ ಸೆಟ್ಟಿನ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಮಾತಾಡುವುದು, ಕೇಳುವುದು ಎರಡೂ ಅದರಲ್ಲೇ. ಕಾಯಿಲ್ ಸುತ್ತಲು ವಿದೇಶಿ ಉಂಗುರವೇ ಬೇಕೆಂದು ಅವರು ಹಟ ಹಿಡಿಯಲಿಲ್ಲ, ನಲ್ಲಿಯ ವಾಷರಿಗೇ ತಂತಿ ಸುತ್ತಿದರು! ಆ ವಾಷರು ನಮ್ಮ ಗದಗಿನ ಅಂಗಡಿಯಲ್ಲಿ ಸಿಗುವುದಿಲ್ಲವೇ? 2016ರಲ್ಲಿ ಅದೇ ವಂಶದ 'ಬಿಟ್‌ಎಕ್ಸ್ 40' ಬಂತು. ಬೋರ್ಡು ಸಿದ್ಧವಾಗಿಯೇ ಬರುತ್ತಿತ್ತು. ಸ್ಪೀಕರ್, ಪೆಟ್ಟಿಗೆ ನಮ್ಮ ಪಾಲಿನ ಕೆಲಸ.

ಹಾಗಾದರೆ ತೊಡಕು ಎಲ್ಲಿ? ಕಾಗದದಲ್ಲಿ! ಪ್ರೆಸ್ಸಿನವನು ನಾನು, ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಯಾವ ತಂತಿ ಎಲ್ಲಿಗೆ, ಬ್ಯಾಟರಿ ತಿರುವುಮುರುವಾದರೆ ಏನು ಸುಡುತ್ತದೆ ಎಂದು ಕನ್ನಡದಲ್ಲಿ ಹೇಳದ ಕಿಟ್ಟು ನಮ್ಮ ಐಟಿಐ ಹುಡುಗನಿಗೆ ಅರ್ಧ ಬೆಲೆಗೆ ಸಿಕ್ಕರೂ ದುಬಾರಿಯೇ.

ಲೈಸೆನ್ಸಿಗೆ 12 ವರ್ಷ ತುಂಬಿದ್ದರೆ ಸಾಕು, ಆದರೆ ಕೇಂದ್ರದ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಬೇಕು. ಅದರ ಪಾಠವೂ ಕನ್ನಡದಲ್ಲಿ ಬೇಕು. (ಲೈಸೆನ್ಸ್ ಇಲ್ಲದೆ ಮೈಕಿನ ಗುಂಡಿ ಒತ್ತಬೇಡಿ, ಅದು ಅಪರಾಧ. ಅಲ್ಲಿಯವರೆಗೆ ಕೇಳಿ, ಬೆಸುಗೆ ಕಲಿಯಿರಿ.)

ಮುಂದಿನ ಕಿಟ್ಟಿನ ಪೆಟ್ಟಿಗೆಯಲ್ಲಿ ಕನ್ನಡದ ಹಾಳೆ ಇರಲಿ ಎಂದು ತಯಾರಕರಿಗೆ ಈಗಲೇ ಬರೆಯಿರಿ. ಅವರು ಒಪ್ಪುವವರೆಗೆ ಕೈಕಟ್ಟಿ ಕೂರಬೇಡಿ, ಇರುವ ಬಿಟ್‌ಎಕ್ಸ್ ನಕ್ಷೆಯನ್ನೇ ಕನ್ನಡದಲ್ಲಿ ವಿವರಿಸಿ ಬರೆದು ತನ್ನಿ. ಕಾಗದದ ಖರ್ಚು ನೀವು ಕೂಡಿಸಿ, ಅಚ್ಚಿನ ಕೂಲಿ ನಾನು ಬಿಡುತ್ತೇನೆ.