ಒಂಟಿ ಮೇಷ್ಟ್ರ ಶಾಲೆಯ ಒಂದು ಮಳೆಗಾಲ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಮಗೆ ಕೊಟ್ಟಿರೋ ವಿಷಯ ‘ದಲಿತರು ಮತ್ತು ಶಿಕ್ಷಣ’. ದೊಡ್ಡ ವಿಷಯ. ದೊಡ್ಡ ವಿಷಯ ಕೊಟ್ಟಾಗ ದೊಡ್ಡ ದೊಡ್ಡ ಮಾತಾಡಿ ವೇದಿಕೆ ಇಳಿದುಬಿಡೋದು ಬಲು ಸುಲಭ. ಅದರ ಬದಲು ಜೋಗಿಮಟ್ಟಿ ಕಾಡಿನ ಅಂಚಲ್ಲಿರೋ ಒಂದು ಸಣ್ಣ ಶಾಲೆಯಲ್ಲಿ 2023ರ ಜೂನ್‌ನಿಂದ ದಸರಾ ರಜೆವರೆಗೆ ನಡೆದದ್ದನ್ನ ಹೇಳ್ತೀವಿ. ಊರಿನ ಹೆಸರು ಹೇಳೋದಿಲ್ಲ. ಅಡುಗೆಯಕ್ಕ ಇನ್ನೂ ಅದೇ ಒಲೆ ಮುಂದೆ ಇದ್ದಾರೆ, ನಾಳೆ ಅವರಿಗೆ ತೊಂದರೆ ಆಗಬಾರದು.

ಮೊದಲು ಆ ವರ್ಷದ ಕಾಲಮಾನ ನೆನಪು ಮಾಡಿಕೊಳ್ಳಿ. ಅದರ ಹಿಂದಿನ ವರ್ಷ, 2022ರಲ್ಲಿ, ಹಿರಿಯೂರಿನ ಮಾರಿಕಣಿವೆ 89 ವರ್ಷಗಳ ಮೇಲೆ ಕೋಡಿ ಬಿದ್ದಿತ್ತು. ಜನ ಗಾಡಿ ಕಟ್ಟಿಕೊಂಡು ಹೋಗಿ ನೀರು ನೋಡಿ ಬಂದರು. ಮರುವರ್ಷವೇ ಮುಂಗಾರು ಕೈಕೊಟ್ಟಿತು. 1901ರಿಂದ ಲೆಕ್ಕ ಇಟ್ಟಿರೋದರಲ್ಲಿ ದೇಶಕ್ಕೆ ಅಷ್ಟು ಒಣ ಆಗಸ್ಟ್ ತಿಂಗಳು ಬಂದೇ ಇರಲಿಲ್ಲ. ಕೊನೆಗೆ ಸರ್ಕಾರ ರಾಜ್ಯದ 223 ತಾಲ್ಲೂಕುಗಳನ್ನ ಬರಪೀಡಿತ ಅಂತ ಸಾರಿತು. ನಮ್ಮ ಕಡೆ ಶೇಂಗಾ ಬಿತ್ತಿದವರ ಬೀಜ ಮಣ್ಣಲ್ಲೇ ಸುಟ್ಟುಹೋಯಿತು. ಬಿತ್ತದೇ ಇದ್ದವರು ಬೀಜವನ್ನೇ ಹುರಿದು ತಿಂದರು. ಬೆಟ್ಟದ ಮೇಲೆ ಗಾಳಿಯಂತ್ರಗಳು ಮಾತ್ರ ಹಗಲು ರಾತ್ರಿ ತಿರುಗುತ್ತಲೇ ಇದ್ದವು. ಮಳೆ ಇಲ್ಲದಿದ್ದರೂ ಅವಕ್ಕೆ ಬೆಳೆ ಐತೆ!

ಶಾಲೆ ಒಂದರಿಂದ ಐದನೇ ತರಗತಿವರೆಗೆ. ಜೂನ್‌ನಲ್ಲಿ ಹಾಜರಿ ಪುಸ್ತಕದಲ್ಲಿ ಇದ್ದದ್ದು ಹತ್ತೊಂಬತ್ತು ಮಕ್ಕಳು. ಕೇರಿಯವು ಹನ್ನೊಂದು, ಊರಿನವು ಎಂಟು. ಮೇಷ್ಟ್ರು ಒಬ್ಬರೇ. ಅರವತ್ತು ಮಕ್ಕಳವರೆಗಿನ ಶಾಲೆಗೆ ಕನಿಷ್ಠ ಇಬ್ಬರು ಶಿಕ್ಷಕರು ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತೆ. ಕಾಯ್ದೆಯಲ್ಲಿ ಇಬ್ಬರು, ಗೋಡೆ ಮೇಲೆ ಬರೆದಿರೋ ಬೋರ್ಡಿನಲ್ಲೂ ಇಬ್ಬರು, ಶಾಲೆಯಲ್ಲಿ ಒಬ್ಬರು. ಆ ಒಬ್ಬರು ಮೀಟಿಂಗಿಗೆ ಹೋದ ದಿನ ಐದನೇ ತರಗತಿಯ ಹುಡುಗಿಯೇ ಮೇಷ್ಟ್ರು.

ಜುಲೈ ಬರುತ್ತಲೇ ಕೇರಿಯ ಮನೆಗಳಿಗೆ ಬೀಗ ಬೀಳೋಕೆ ಶುರುವಾಯಿತು. ಕೆಲವರು ಮಲೆನಾಡಿನ ಕಾಫಿ ತೋಟಕ್ಕೆ, ಕೆಲವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ. ಕೂಲಿಗೆ ಹೋಗೋರು ಗಂಡ ಹೆಂಡತಿ ಆದರೂ ಮಕ್ಕಳು ಹಿಂದೆ ಹೋಗ್ತಾವೆ, ಯಾಕೆಂದರೆ ಕೈಗೂಸನ್ನ ನೋಡಿಕೊಳ್ಳೋಕೆ ಎಂಟು ವರ್ಷದ ಅಕ್ಕ ಬೇಕು. ಹೀಗೆ ಆರು ಮಕ್ಕಳು ಹೋದವು. ಹದಿಮೂರು ಉಳಿದವು. ಆಗ ಒಂದು ಮಾತು ಹುಟ್ಟಿತು: ಮಕ್ಕಳು ಕಮ್ಮಿ ಆದ್ರೆ ಈ ಶಾಲೆ ಮುಚ್ಚಿ ಮೂರು ಕಿಲೋಮೀಟರ್ ಆಚೆಯ ಶಾಲೆಗೆ ಸೇರಿಸ್ತಾರಂತೆ. ಯಾರು ಹೇಳಿದರು ಅಂತ ಕೇಳಿದರೆ ಯಾರೂ ಇಲ್ಲ, ಕಾಗದವೂ ಇಲ್ಲ. ಆದರೆ ಆ ದಾರಿ ಕಾಡಿನ ಅಂಚಿನದು, ಕರಡಿ ಓಡಾಡೋ ಜಾಗ. ಶಾಲೆ ಅಲ್ಲಿಗೆ ಹೋದರೆ ಮೊದಲು ನಿಲ್ಲೋದು ಹೆಣ್ಣುಮಕ್ಕಳ ಓದು.

ಇನ್ನು ಅಡುಗೆಮನೆಗೆ ಬರೋಣ. ಅಡುಗೆಯಕ್ಕ ನಮ್ಮ ಕೇರಿಯವರು. 2022ರಲ್ಲಿ ಒಂದು ಸಾವಿರ ಏರಿಸಿದ ಮೇಲೆ ಆಗ ಅವರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 3,700 ರೂಪಾಯಿ. ಜೂನ್‌ನಿಂದಲೇ ಊರಿನ ಎಂಟು ಮಕ್ಕಳಲ್ಲಿ ಆರು ಮಕ್ಕಳು ಡಬ್ಬಿ ತರುತ್ತಿದ್ದವು. ಜಾತಿ ಅಂತ ಯಾರೂ ಬಾಯಿ ಬಿಡಲಿಲ್ಲ. ನಮ್ಮ ಹುಡುಗನಿಗೆ ಸಾಂಬಾರು ಆಗಲ್ಲ, ನಮ್ಮ ಹುಡುಗಿಗೆ ಹೊಟ್ಟೆನೋವು. ಈಗಿನ ಜಾತಿಗೆ ಹೊಟ್ಟೆನೋವು ಜಾಸ್ತಿ.

ಆಗಸ್ಟ್ ಮೊದಲ ವಾರ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಆದದ್ದು ನಿಮಗೆಲ್ಲ ಗೊತ್ತು. ಕೊಳಾಯಿಯ ಕಲುಷಿತ ನೀರು ಕುಡಿದು ನಮ್ಮವರು ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಜಿಲ್ಲಾ ಕೇಂದ್ರದಲ್ಲೇ ದಲಿತರ ಹಟ್ಟಿಗೆ ಬರೋ ನೀರಿನ ಗತಿ ಅದು. ಆ ಸುದ್ದಿ ಕೇಳಿ ನಮ್ಮ ತಾಯಂದಿರು ‘ಶಾಲೆ ನೀರು ಕುಡೀಬ್ಯಾಡ’ ಅಂತ ಮಕ್ಕಳಿಗೆ ಬಾಟಲಿ ಕಟ್ಟಿ ಕಳಿಸಿದರು. ಅದು ನ್ಯಾಯವಾದ ಭಯ. ಆದರೆ ಊರಿನ ಒಂದಿಬ್ಬರಿಗೆ ಅದೇ ಸುದ್ದಿ ಬೇರೆ ರೀತಿ ಉಪಯೋಗಕ್ಕೆ ಬಂತು. ಸತ್ತವರು ಯಾರು, ಯಾರ ತಪ್ಪಿಗೆ ಸತ್ತರು ಅನ್ನೋದು ಬಿಟ್ಟು, ‘ಶುಚಿತ್ವ ಮುಖ್ಯ ಅಲ್ವಾ, ಅಡುಗೆಯವರನ್ನ ಬದಲಾಯಿಸ್ರಿ’ ಅಂತ ಎಸ್.ಡಿ.ಎಂ.ಸಿ. ಸಭೆಯಲ್ಲಿ ಅರ್ಜಿ ಇಟ್ಟರು.

ಆ ಸಭೆಗೆ ನಮ್ಮ ನಾಲ್ಕು ಜನ ಹಾಸ್ಟೆಲ್ ಹುಡುಗರೂ ಹೋಗಿದ್ದೆವು. ಗದ್ದಲ ಮಾಡಲಿಲ್ಲ. ಬಿಸಿಯೂಟದ ಅಡುಗೆ ಕೆಲಸಕ್ಕೆ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕು ಅಂತ ಸುಪ್ರೀಂ ಕೋರ್ಟು 2004ರ ಏಪ್ರಿಲ್ 20ರಂದು ಹೇಳಿದೆ. ಅದನ್ನ ನಿಧಾನಕ್ಕೆ ಓದಿದೆವು. ಎರಡನೆಯದಾಗಿ, ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಹೆಂಗಸರು ಇರಬೇಕು ಅಂತ ಕಾಯ್ದೆ ಐತೆ, ಇವತ್ತು ಇಲ್ಲಿ ಹೆಂಗಸರು ಎಷ್ಟು ಜನ ಇದ್ದೀರಿ ಅಂತ ಕೇಳಿದೆವು. ಒಬ್ಬರೂ ಇರಲಿಲ್ಲ. ಸದಸ್ಯರಾಗಿದ್ದ ಕೇರಿಯ ತಾಯಿಯೊಬ್ಬರ ಹೆಬ್ಬೆಟ್ಟನ್ನ ಪ್ರತಿ ಸಲ ಮನೆಗೇ ಹೋಗಿ ಒತ್ತಿಸಿಕೊಂಡು ಬರುತ್ತಿದ್ದರಂತೆ. ಅವರನ್ನ ಕರೆಸಿದೆವು. ಆಯಮ್ಮ ಬಾಗಿಲಲ್ಲೇ ನಿಂತು ಒಂದೇ ಮಾತು ಕೇಳಿದರು: ‘ನಿಮ್ಮ ಹೊಲದಾಗೆ ಕಳೆ ಕೀಳಾವಾಗ ನನ್ನ ಕೈಗೆ ಶುಚಿ ಇತ್ತಾ ಸ್ವಾಮಿ?’ ಅರ್ಜಿಯನ್ನ ಮುಂದಿನ ಸಭೆಗೆ ಮುಂದೂಡಿದರು. ಮುಂದಿನ ಸಭೆಗೆ ಅದು ಬರಲೇ ಇಲ್ಲ.

ಮೇಷ್ಟ್ರ ಬಗ್ಗೆ ಒಂದು ಮಾತು ಹೇಳಲೇಬೇಕು. ಮೇಲ್ಜಾತಿಯ ಮನುಷ್ಯ, ಚಳವಳಿಗೂ ಅವರಿಗೂ ಸಂಬಂಧ ಇಲ್ಲ, ಭಾಷಣ ಬರೋದಿಲ್ಲ. ಆದರೆ ಮರುದಿನದಿಂದ ಮಧ್ಯಾಹ್ನ ತಟ್ಟೆ ಹಿಡಿದು ಮಕ್ಕಳ ಸಾಲಲ್ಲೇ ಕೂತು ಉಂಡರು, ದಸರಾ ರಜೆವರೆಗೂ ಒಂದು ದಿನ ತಪ್ಪಿಸಲಿಲ್ಲ. ಇಂಥವರನ್ನ ನಾವು ಗುರುತಿಸಬೇಕು.

ಸೆಪ್ಟೆಂಬರ್ ಹೊತ್ತಿಗೆ ಡಬ್ಬಿಗಳು ಹಗುರಾದವು. ಊರಿನ ಸಣ್ಣ ರೈತರ ಮನೆಯಲ್ಲೂ ರಾಗಿ ತಳ ಕಂಡಿತ್ತು. ಒಂದೊಂದೇ ಮಗು ಸಾಲಿಗೆ ಬಂತು. ಹಸಿವು ಜಾತಿ ಬಿಡಿಸಿತು ಅಂತ ನಾವು ಹೇಳೋದಿಲ್ಲ ಗೆಳೆಯರೇ. ಅದು ತಟ್ಟೆ ಹಿಡಿಸಿತು, ಅಷ್ಟೆ. ಮೂರನೇ ತರಗತಿ ಹುಡುಗಿಯೊಬ್ಬಳು ಅನ್ನ ಹಾಕಿಸಿಕೊಳ್ತಾ ‘ಅಕ್ಕ, ನಮ್ಮ ಅಜ್ಜಿಗೆ ಹೇಳಬ್ಯಾಡ’ ಅಂದಳಂತೆ. ಅಕ್ಕ ಹೇಳಲಿಲ್ಲ. ಇನ್ನೊಂದು ಸೌಟು ಸಾಂಬಾರು ಹಾಕಿದರು. ಒಂದು ಮಗುವಿಗೆ ದಿನಕ್ಕೆ ನೂರು ಗ್ರಾಂ ಅಕ್ಕಿಯ ಲೆಕ್ಕ. ಆ ನೂರು ಗ್ರಾಮಿಗೆ ಎಂಟು ವರ್ಷದ ಕೂಸು ಸುಳ್ಳು ಹೇಳೋದು ಕಲಿಯಬೇಕು, ಈ ವ್ಯವಸ್ಥೆಯಲ್ಲಿ.

ಇದು ಹೊಸದೇನಲ್ಲ. ನಮ್ಮ ಜಿಲ್ಲೆ ಮೈಸೂರು ಸಂಸ್ಥಾನದಲ್ಲಿದ್ದಾಗ, 1915ರಲ್ಲಿ, ಸರ್ಕಾರಿ ಶಾಲೆಗೆ ಪಂಚಮರ ಮಕ್ಕಳನ್ನ ಸೇರಿಸಿಕೊಳ್ಳಬೇಕು ಅಂತ ಸರ್ಕಾರ ಹೇಳಿದ್ದಕ್ಕೆ ತಮ್ಮ ಮಕ್ಕಳನ್ನ ಬಿಡಿಸಿಕೊಂಡು ಹೋದ ಸವರ್ಣೀಯರಿದ್ದರು. ಬಾಬಾಸಾಹೇಬರು ಶಾಲೆಗೆ ಹೋಗುವಾಗ ಕೂರೋಕೆ ಗೋಣಿತಟ್ಟು ಮನೆಯಿಂದ ಒಯ್ಯಬೇಕಿತ್ತು, ಜವಾನ ಇಲ್ಲದ ದಿನ ನೀರಿಲ್ಲ. ಬೆಂಚು ಬಂದಿದೆ, ನಲ್ಲಿ ಬಂದಿದೆ, ಡಬ್ಬಿಯೂ ಬಂದಿದೆ.

ವಲಸೆ ಹೋದ ಮಕ್ಕಳ ವಿಚಾರ. ಮನೆಗಳಲ್ಲಿ ಉಳಿದಿದ್ದ ಅಜ್ಜಿಯರನ್ನ ನಾಲ್ಕು ಭಾನುವಾರ ಹೋಗಿ ಮಾತಾಡಿಸಿದೆವು. ‘ರಾತ್ರಿದು ನಾನು ನೋಡ್ಕಂತೀನಿ, ಮಧ್ಯಾಹ್ನದ್ದು ಇಸ್ಕೂಲು ನೋಡ್ಕಂತದಾ?’ ಅಂತ ಕೇಳಿದರು. ಹೂಂ ಅಂದೆವು. ಅವರ ಹತ್ತಿರವೇ ಫೋನ್ ಮಾಡಿಸಿ ಮೂರು ಮಕ್ಕಳನ್ನ ಕರೆಸಿದೆವು. ಹದಿನಾರಾಯಿತು. ಉಳಿದ ಮೂರು ಬರಲಿಲ್ಲ. ಶಾಲೆ ಮುಚ್ಚಲಿಲ್ಲ. 2024ರ ಬೇಸಿಗೆ ರಜೆಯಲ್ಲಿ ಬರಪೀಡಿತ ತಾಲ್ಲೂಕುಗಳ ಮಕ್ಕಳಿಗೆ ಶಾಲೆಯಲ್ಲೇ ಬಿಸಿಯೂಟ ಕೊಡಬೇಕು ಅಂತ ಸರ್ಕಾರ ಮಾಡಿದಾಗ ಅಕ್ಕ ರಜೆಯಲ್ಲೂ ಒಲೆ ಹಚ್ಚಿದರು.

ಚಳವಳಿ ಹಾಸ್ಟೆಲಿನ ಕೋಣೆಗಳಲ್ಲಿ ಬೆಳೆದದ್ದು. ಪ್ರೊ. ಬಿ. ಕೃಷ್ಣಪ್ಪನವರು ಹುಟ್ಟಿದ ಹರಿಹರ 1997ರವರೆಗೂ ನಮ್ಮ ಜಿಲ್ಲೆಯಲ್ಲೇ ಇತ್ತು ಅಂತ ಹೆಮ್ಮೆಪಡ್ತೀವಲ್ಲ, ಆ ಹೆಮ್ಮೆ ಇರಲಿ. ಆದರೆ ನಿಮ್ಮ ಊರಿನ ಶಾಲೆಯ ಸಮಿತಿಯಲ್ಲಿ ಯಾರಿದ್ದಾರೆ, ಮಧ್ಯಾಹ್ನ ಎಷ್ಟು ಡಬ್ಬಿ ಬರ್ತಾವೆ ಅಂತ ಎಷ್ಟು ಜನಕ್ಕೆ ಗೊತ್ತು? ಈ ಸಲ ಊರಿಗೆ ಹೋದಾಗ ನೋಡಿಕೊಂಡು ಬಂದು ಒಂದು ಹಾಳೆಯಲ್ಲಿ ಬರೆದು ಕೊಡಿ.

ಈ ಭಾನುವಾರ ಮತ್ತೆ ಆ ಶಾಲೆಗೆ ಹೋಗ್ತಾ ಇದ್ದೀವಿ. ಬರುವವರು ಸಭೆ ಮುಗಿದ ಮೇಲೆ ಹೆಸರು ಕೊಡಿ. ಬಸ್ ಚಾರ್ಜು ಅವರವರದ್ದು. ಸೀಮೆಸುಣ್ಣ ಅಲ್ಲೇ ಐತೆ, ಸ್ಲೇಟು ಸಾಲದು, ಎರಡನೇ ತರಗತಿಯ ನಾಲ್ಕು ಮಕ್ಕಳಿಗೆ ಮಗ್ಗಿ ಹೇಳಿಕೊಡೋರು ಒಬ್ಬರು ಬೇಕು.