ಹರಿಯುವ ರಕ್ತ, ನಿಂತು ನೋಡುವ ಜನ

(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಮಾಡಿದ ಭಾಷಣ)



ಭೂಮಿ, ಮೀಸಲಾತಿ, ಹಾಸ್ಟೆಲಿನ ನೀರು ಸಾರು, ಇವುಗಳ ಬಗ್ಗೆ ಮಾತಾಡ್ತಾನೆ ಅಂತ ಕೂತಿದ್ದೀರಿ. ಅವೆಲ್ಲ ನಾಳೆಗಿದೆ. ಇವತ್ತಿನ ವಿಷಯ ರಕ್ತ. ನಮ್ಮ ಹಾಡುಗಳಲ್ಲಿ ಬರೋ ರಕ್ತ ಅಲ್ಲ, ತೊಡೆ ಸೀಳಿ ಟಾರು ರಸ್ತೆ ಮೇಲೆ ಹರಿಯೋ ರಕ್ತ.

2017ರ ಫೆಬ್ರುವರಿಯಲ್ಲಿ ಕೊಪ್ಪಳದಲ್ಲಿ ಸೈಕಲ್ ಮೇಲೆ ಹೋಗ್ತಿದ್ದ ಹದಿನೆಂಟು ವರ್ಷದ ಹುಡುಗನಿಗೆ ಬಸ್ಸು ಬಡಿಯಿತು. ರಕ್ತದ ಮಡುವಿನಲ್ಲಿ ಬಿದ್ದು ಸಹಾಯ ಕೇಳ್ತಿದ್ದ. ಸುತ್ತ ನಿಂತವರು ಮೊಬೈಲಿನಲ್ಲಿ ಅವನ ಚಿತ್ರ ತೆಗೀತಿದ್ರು. ಹುಡುಗ ಉಳಿಯಲಿಲ್ಲ. ಮಾನವೀಯತೆ ಸತ್ತಿತು ಅಂತ ಎಲ್ಲರೂ ಹಲುಬಿದರು. ಹಲುಬೋದು ಸುಲಭ. ಆ ದಿನ ಅಲ್ಲಿದ್ದವರ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ಆದರೆ ಇಂಥ ಕಡೆ ಜನರ ಕೈ ಕಟ್ಟೋದು ಯಾವುದು ಅಂತ ನಮಗೆಲ್ಲ ಗೊತ್ತು. ಪೊಲೀಸರ ಭಯ. ಏನು ಮಾಡಬೇಕು ಅಂತ ತಿಳಿಯದೇ ಇರೋದು. ಇನ್ನೊಂದು ಈ ದೇಶದ್ದೇ ಸ್ವಂತ ರೋಗ: ಮುಟ್ಟೋಕೆ ಮುಂಚೆ ಬಿದ್ದವನು ಯಾರ ಪೈಕಿ ಅಂತ ನೋಡೋದು.

ನಮ್ಮ ಅಪ್ಪ ತಾತಂದಿರ ಕೈಗೆ ರಕ್ತ ಹೊಸದಲ್ಲ. ಸತ್ತ ದನ ಹೊರೋಕೆ ನಾವು, ಹೆಣ ಎತ್ತೋಕೆ ನಾವು, ಹೆರಿಗೆ ಮೈಲಿಗೆ ಬಳಿಯೋಕೆ ನಮ್ಮ ಅವ್ವಂದಿರು. ಬದುಕಿರೋ ಜೀವ ಉಳಿಸೋ ವಿದ್ಯೆ ಮಾತ್ರ ಬೇರೆಯವರ ಪೆಟ್ಟಿಗೆಯಲ್ಲಿ. ಕಲ್ಲುಕ್ವಾರಿಯಲ್ಲಿ, ಕಬ್ಬಿನ ಗದ್ದೆಯಲ್ಲಿ, ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಗಾಯವಾಗೋದು ಯಾರಿಗೆ? ಅಲ್ಲಿಗೆ 108 ಬರೋ ಹೊತ್ತಿಗೆ ಏನಾಗಿರುತ್ತೆ? ದೊಡ್ಡವರ ಮೈಯಲ್ಲಿರೋದು ಸುಮಾರು ಐದು ಲೀಟರ್ ರಕ್ತ. ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ಐದು ನಿಮಿಷದೊಳಗೇ ಪ್ರಾಣ ಹೋಗಬಹುದು. ಆ ಐದು ನಿಮಿಷಕ್ಕೆ ಡಾಕ್ಟರು ಪಕ್ಕದಲ್ಲಿ ನಿಂತಿರೋನೇ.

ಈಗ ಸರಿಯಾಗಿ ಕೇಳಿ. ಮೊದಲು ನಿನ್ನ ಹಿಂದೆ ಲಾರಿ ಬರ್ತಿದೆಯಾ ನೋಡಿಕೋ. ಒಬ್ಬನಿಗೆ ಬೆರಳು ತೋರಿಸಿ ‘ನೀನು 108ಕ್ಕೆ ಫೋನ್ ಮಾಡು’ ಅನ್ನು. ಸುಮ್ಮನೆ ‘ಯಾರಾದ್ರೂ ಮಾಡ್ರಪ್ಪಾ’ ಅಂದ್ರೆ ಯಾರೂ ಮಾಡಲ್ಲ. ಕೈಗೆ ಪ್ಲಾಸ್ಟಿಕ್ ಚೀಲ ಸಿಕ್ಕಿದರೆ ಸುತ್ತಿಕೋ, ಅದು ನಿನ್ನ ಕ್ಷೇಮಕ್ಕೆ. ಬಟ್ಟೆ ಸರಿಸಿ ರಕ್ತ ಎಲ್ಲಿಂದ ಬರ್ತಿದೆ ಹುಡುಕು. ಚಿಮ್ತಿದ್ದರೆ, ನೆಲದಲ್ಲಿ ಮಡುಗಟ್ಟಿದ್ದರೆ, ತಡ ಮಾಡೋ ಹಾಗಿಲ್ಲ. ಟವೆಲ್, ಪಂಚೆ, ದುಪಟ್ಟ, ಯಾವುದಾದರೂ ಆಗಲಿ, ಗಾಯದ ಮೇಲಿಟ್ಟು ಎರಡೂ ಅಂಗೈಯಿಂದ, ಮೊಣಕೈ ಬಗ್ಗಿಸದೆ, ಮೈಭಾರ ಹಾಕಿ ಒತ್ತು. ತೊಡೆಸಂದಿಲೋ ಕಂಕುಳಲ್ಲೋ ಆಳವಾದ ಗಾಯವಿದ್ದರೆ ಬಟ್ಟೆಯನ್ನ ಒಳಕ್ಕೇ ತುರುಕಿ ಮೇಲಿಂದ ಒತ್ತಬೇಕು. ಅವನು ಕಿರುಚ್ತಾನೆ. ಕಿರುಚಲಿ, ಉಸಿರಿದೆ ಅಂತ ಅರ್ಥ. ನಿಂತಿತಾ ಅಂತ ಪದೇ ಪದೇ ಎತ್ತಿ ನೋಡಬೇಡ. ಬಟ್ಟೆ ತೊಯ್ದರೆ ಮೇಲೊಂದು ಹಾಕಿ ಇನ್ನೂ ಬಲವಾಗಿ ಒತ್ತು.

ಕಾಫಿಪುಡಿ, ಅರಿಶಿನ, ಬೀಡಿ ಬೂದಿ, ಇವನ್ನೆಲ್ಲ ತುಂಬ್ತಾರೆ. ನಮ್ಮಜ್ಜಿಯೂ ತುಂಬ್ತಿದ್ದಳು. ಚಿಮ್ಮೋ ರಕ್ತಕ್ಕೆ ಪುಡಿ ಅಡ್ಡ ನಿಲ್ಲಲ್ಲ, ಗಾಯ ಕೊಳೆಯುತ್ತೆ ಅಷ್ಟೇ.

ಕೈಯಲ್ಲೋ ಕಾಲಲ್ಲೋ ಎಷ್ಟು ಒತ್ತಿದರೂ ನಿಲ್ಲದಿದ್ದರೆ ಬಿಗಿಪಟ್ಟಿ ಕಟ್ಟಬೇಕು. ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ, ಮಂಡಿ ಮೊಣಕೈ ಬಿಟ್ಟು. ತಂತಿ, ಸಣ್ಣ ದಾರ ಬೇಡ. ಎರಡು ಇಂಚು ಅಗಲದ ಬಟ್ಟೆ. ಗಂಟಿನ ಮೇಲೆ ಗಟ್ಟಿ ಕಡ್ಡಿ ಇಟ್ಟು ಇನ್ನೊಂದು ಗಂಟು ಹಾಕಿ, ರಕ್ತ ನಿಲ್ಲೋ ತನಕ ತಿರುವಿ, ಕಡ್ಡಿ ಬಿಚ್ಚಿಕೊಳ್ಳದ ಹಾಗೆ ಕಟ್ಟು. ಎಷ್ಟು ಗಂಟೆಗೆ ಕಟ್ಟಿದೆ ಅನ್ನೋದನ್ನ ಅವನ ಮೈ ಮೇಲೇ ಬರಿ. ಬಿಚ್ಚೋದು ಆಸ್ಪತ್ರೆಯಲ್ಲಿ, ನೀನಲ್ಲ. ಕುತ್ತಿಗೆಗೆ, ಹೊಟ್ಟೆಗೆ, ಎದೆಗೆ ಇದನ್ನ ಕಟ್ಟೋದಿಲ್ಲ. ಎದೆ, ಹೊಟ್ಟೆ ಗಾಯದೊಳಕ್ಕೆ ಬಟ್ಟೆ ತುರುಕೋದೂ ಇಲ್ಲ. ಚುಚ್ಚಿದ ಚಾಕು, ಕಬ್ಬಿಣ ಕೀಳಬಾರದು. ಇದು ಕಲಿತ ಮೇಲೆ ಹಾವು ಕಚ್ಚಿದವನಿಗೂ ಕಟ್ಟೋಕೆ ಹೋಗ್ತೀರಿ, ಹೋಗಬೇಡಿ. ಅಲ್ಲಿ ಕಟ್ಟಿದರೆ ಕಾಲೇ ಹೋದೀತು. ಗಾಯಾಳುವನ್ನ ಮಲಗಿಸಿ ಕಂಬಳಿ ಹೊದಿಸಿ. ಬಾಯಿಗೆ ನೀರು ಸುರಿಯಬೇಡಿ.

ಪೊಲೀಸ್ ಕೇಸಿನ ಭಯಕ್ಕೆ ಕಾನೂನೇ ಉತ್ತರ ಕೊಟ್ಟಿದೆ. ಮೊದಲು ಜೀವ ಉಳಿಸು, ಕೇಸು ಆಮೇಲೆ, ಇದು ಸರ್ಕಾರಿ ಖಾಸಗಿ ಎಲ್ಲ ಡಾಕ್ಟರಿಗೂ ಕರ್ತವ್ಯ ಅಂತ ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ ಕಟಾರ ಮೊಕದ್ದಮೆಯಲ್ಲಿ ಹೇಳಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಅಪಘಾತದಲ್ಲಿ ಒಳ್ಳೆ ಮನಸ್ಸಿನಿಂದ ನೆರವಾದವನ ಮೇಲೆ ಕೇಸಿಲ್ಲ, ಹೆಸರು ಹೇಳು ಅಂತ ಬಲವಂತ ಮಾಡೋ ಹಾಗಿಲ್ಲ. ಈ ನಂಬರನ್ನ ಬಾಯಿಪಾಠ ಮಾಡಿ. ಠಾಣೆಯಲ್ಲಿ ನಮ್ಮ ಹುಡುಗರ ಮೇಲೆ ದನಿ ಏರಿದಾಗ ನಂಬರು ಹೇಳಿದರೆ ದನಿ ಸ್ವಲ್ಪ ಇಳಿಯುತ್ತೆ.

ಇದೆಲ್ಲ ನಮ್ಮಿಂದ ಆಗುತ್ತಾ ಅಂತ ಆಗಲೇ ಒಬ್ಬ ಕೇಳಿದ. ಕೇಳಪ್ಪಾ. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಹಿಲ್ ಡಿಸ್ಟ್ರಿಕ್ಟ್ ಅಂತ ಕಪ್ಪು ಜನರ ಕೇರಿ. ಅಲ್ಲಿ ಯಾರಿಗಾದರೂ ಅಪಾಯವಾದರೆ ಪೊಲೀಸ್ ವ್ಯಾನೇ ಗತಿ, ಅದರೊಳಗೆ ಚಿಕಿತ್ಸೆ ಗೊತ್ತಿದ್ದವರಿಲ್ಲ. 1967ರಲ್ಲಿ ಆ ಕೇರಿಯ ಕೆಲಸವಿಲ್ಲದ ಹುಡುಗರನ್ನ, ಹೈಸ್ಕೂಲು ಮುಗಿಸದವರೂ ಇದ್ದರು, ಪೀಟರ್ ಸಾಫರ್ ಅನ್ನೋ ಡಾಕ್ಟರು ತರಬೇತಿಗೆ ತಗೊಂಡರು. ಫ್ರೀಡಂ ಹೌಸ್ ಆಂಬುಲೆನ್ಸ್ ಅಂತ ಅದರ ಹೆಸರು. ಇವತ್ತು ಅಲ್ಲಿ ಆಂಬುಲೆನ್ಸಿನಲ್ಲಿ ಬರೋ ಪ್ಯಾರಾಮೆಡಿಕ್‌ಗಳಿಗೆ ದಾರಿ ತೋರಿಸಿದವರು ಆ ಹುಡುಗರು. ಬಿಳಿಯರ ಬಡಾವಣೆಗಿಂತ ಕೇರಿಯಲ್ಲೇ ಒಳ್ಳೆ ಸೇವೆ ಇತ್ತು. ಆಮೇಲೆ? 1975ರಲ್ಲಿ ನಗರಸಭೆ ತನ್ನದೇ ಆಂಬುಲೆನ್ಸ್ ಶುರು ಮಾಡಿ ಇವರದನ್ನ ಮುಚ್ಚಿಸಿತು. ಆ ಹುಡುಗರಲ್ಲಿ ಬಹಳ ಮಂದಿ ಹೊರಗೆ ಬಿದ್ದರು. ವಿದ್ಯೆ ಕೊಟ್ಟವನ ಹೆಸರು ಪುಸ್ತಕದಲ್ಲಿದೆ, ಕೆಲಸ ಮಾಡಿದವರ ಹೆಸರು ಅಳಿಸಿ ಹೋಗೋದು ಅಲ್ಲೂ ಇದೆ ನೋಡಿ.

ಸರಿ, ಮಾತು ಸಾಕು. ಹೆಣ್ಣುಮಕ್ಕಳೂ ಮುಂದೆ ಬನ್ನಿ, ಹಿಂದೆ ಕೂತ್ಕೋಬೇಡಿ. ಇಬ್ಬಿಬ್ಬರಾಗಿ ಕೂತು ಟವೆಲ್ ಬಿಚ್ಚಿ. ಕಡ್ಡಿ ಇಲ್ಲದವರು ಅಡಿಗೆಯಣ್ಣನ ಹತ್ತಿರ ಸೌಟು ಕೇಳಿ ತನ್ನಿ. ಒಬ್ಬ ಮಲಗಲಿ, ಇನ್ನೊಬ್ಬ ಒತ್ತಲಿ. ಬಿಗಿಪಟ್ಟಿ ಮಾತ್ರ ಒಬ್ಬರ ಮೇಲೊಬ್ಬರು ಪೂರ್ತಿ ಬಿಗಿಯಬೇಡಿ, ಅದನ್ನ ಈ ದಿಂಬಿಗೆ ಕಟ್ಟಿ ತೋರಿಸಿ. ಊಟದ ಗಂಟೆಯೊಳಗೆ ಪ್ರತಿಯೊಬ್ಬನ ಗಂಟನ್ನೂ ನಾನು ಎಳೆದು ನೋಡ್ತೀನಿ.